ಮೂರು ಕಿಲೋಮೀಟರ್ ಆಳದ ಕೆರೆಗೆ ಟಿಕೆಟ್ ಎಲ್ಲಿ?

ಬೆಂಗಳೂರಿನವರಿಗೆ ಈಗ ಬರೀ ಬೆಟ್ಟ ಸಾಲದು. ಜ್ವಾಲಾಮುಖಿ ಬೇಕು. ಪಕ್ಕದಲ್ಲೊಂದು ಸರೋವರವೂ ಇರಬೇಕು. ಅದಕ್ಕೇ ಬಾಲಿಗೆ ಹೋಗುತ್ತಾರೆ. ನಡುರಾತ್ರಿ ಎದ್ದು ಬಾತೂರ್ ಬೆಟ್ಟ ಹತ್ತುತ್ತಾರೆ. ಹಬೆಯಲ್ಲಿ ಬೆಂದ ಮೊಟ್ಟೆ ತಿನ್ನುತ್ತಾರೆ. ಸರೋವರಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆಯುತ್ತಾರೆ. ಆಮೇಲೆ ವರ್ಷವಿಡೀ ಇಎಂಐ.

ಅಷ್ಟು ದುಡ್ಡಿಲ್ಲದವರಿಗೆ ಕೋಲಾರ. ಅಂತರಗಂಗೆಯಲ್ಲಿ ರಾತ್ರಿ ಚಾರಣ, ಬೆಳಗ್ಗೆ ಉಪ್ಪಿಟ್ಟು. ‘ಜ್ವಾಲಾಮುಖಿ ಶಿಲೆಗಳ ಗುಹೆ’ ಎಂದು ಜಾಹೀರಾತು. ಸ್ವಾಮಿ, ಅದು ಗ್ರಾನೈಟು. ನಿಮ್ಮ ಅಡುಗೆಮನೆ ಕಟ್ಟೆಗೆ ಹಾಸಿದ್ದೀರಲ್ಲ, ಅದರ ಬಂಧುವೇ. ಆದರೆ ಗ್ರಾನೈಟಿನೊಳಗೆ ನುಗ್ಗುವುದಕ್ಕೆ ಯಾರು ದುಡ್ಡು ಕೊಡುತ್ತಾರೆ?

ನಿಜವಾದ ಜ್ವಾಲಾಮುಖಿ ಇನ್ನೂ ಪೂರ್ವಕ್ಕಿದೆ. ಕೆಜಿಎಫ್ ಬಳಿಯ ಪೆದ್ದಪಲ್ಲಿಯಲ್ಲಿ. ಸುಮಾರು 270 ಕೋಟಿ ವರ್ಷಗಳ ಹಿಂದಿನದು. ಇಲ್ಲಿಯ ಲಾವಾ ನೀರೊಳಗೆ ಉಕ್ಕಿ, ದಿಂಬಿನಾಕಾರದಲ್ಲಿ ಹೆಪ್ಪುಗಟ್ಟಿದೆ. ಅಂದರೆ ಬೆಂಕಿಯೂ ಇತ್ತು, ನೀರೂ ಇತ್ತು. ಬಾಲಿಗೆ ಯಾಕೆ ಹೋಗಬೇಕಿತ್ತು? ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದೂ ಘೋಷಿಸಿದೆ. ನಮ್ಮಲ್ಲಿ ಸ್ಮಾರಕವೆಂದು ಘೋಷಿಸಿದರೆ ಕೆಲಸ ಮುಗಿಯಿತು. ಇನ್ನು ಮರೆಯುವುದಕ್ಕೆ ಅಧಿಕೃತ ಪರವಾನಗಿ.

ಕಲ್ಲು ಯಾರಿಗೆ ಬೇಕು? ಪ್ರವಾಸಿಗರ ಕಾರುಗಳು ಹೋಗುವುದು ಇಲ್ಲಿಯ ಚಿನ್ನದ ಗಣಿಯ ಸೈನೈಡ್ ದಿಬ್ಬಕ್ಕೆ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ಗಸಿ ಅದು. ಸುಮಾರು 3.3 ಕೋಟಿ ಟನ್. ಚಿನ್ನ ಹೋಯಿತು, ಗಸಿ ಊರಿಗೆ ಉಳಿಯಿತು. 2018ರಲ್ಲಿ ‘ಕೆಜಿಎಫ್’ ಸಿನಿಮಾ ಬಂತು. ಈ ದಿಬ್ಬಗಳ ನಡುವೆಯೇ ಸೆಟ್ ಹಾಕಿದ್ದರು. ಅಲ್ಲಿಯವರೆಗೆ ಕಸವಾಗಿದ್ದದ್ದು ಅಂದಿನಿಂದ ಪ್ರೇಕ್ಷಣೀಯ ಸ್ಥಳ.

ಅಲ್ಲೊಂದು ಮದುವೆಪೂರ್ವ ಫೋಟೊಶೂಟ್ ನಡೆದಿರುತ್ತದೆ. ವಧುವಿನ ಬಿಳಿ ಗೌನು ದಿಬ್ಬದ ಮೇಲೆ ಮಾರುದ್ದ ಹರಡಿರುತ್ತದೆ. ವರ ಗಡ್ಡ ಬಿಟ್ಟಿರುತ್ತಾನೆ, ಕಾರಣ ಹೇಳಬೇಕಾಗಿಲ್ಲ. ‘ಸಾರ್, ಕಾಲಲ್ಲಿ ಸ್ವಲ್ಪ ದೂಳು ಎಬ್ಬಿಸಿ, ಎಫೆಕ್ಟ್ ಸೂಪರಾಗಿ ಬರುತ್ತೆ’ ಎಂದು ಫೋಟೊಗ್ರಾಫರ್ ಕೂಗುತ್ತಾನೆ. ವರ ಎಬ್ಬಿಸುತ್ತಾನೆ. ಕೆಳಗಿನ ಲೈನು ಮನೆಯ ಹೆಂಗಸು ಒಣಹಾಕಿದ ಬಟ್ಟೆಯನ್ನೆಲ್ಲ ಬಾಚಿಕೊಂಡು ಒಳಗೆ ಓಡುತ್ತಾಳೆ. ಎಫೆಕ್ಟ್ ಅವಳಿಗೂ ಗೊತ್ತು. ಅವಳ ಮಾವನ ಕಾಲದಿಂದಲೂ ಗೊತ್ತು. ಕಲ್ಲಿನ ದೂಳು ಕುಡಿದು ಎದೆ ಕಟ್ಟಿ ಸತ್ತ ಗಣಿ ಕಾರ್ಮಿಕರ ಮನೆಗಳವು.

ಫೋಟೊ ಮುಗಿದ ಮೇಲೆ ಬ್ರಿಟಿಷರ ಬಂಗಲೆ ದರ್ಶನ. ‘ಲಿಟಲ್ ಇಂಗ್ಲೆಂಡ್ ಅಂತಿದ್ರಂತೆ, ಎಂಥಾ ಹವಾ!’ ಹವಾ ಇತ್ತು, ನಿಜ. 1902ರಲ್ಲೇ ಶಿವನಸಮುದ್ರದಿಂದ ಕರೆಂಟೂ ಬಂದಿತ್ತು. ಮೊದಲು ಬೆಳಕು ಕಂಡದ್ದು ಗಣಿ ಮತ್ತು ಬಂಗಲೆ. ಕಾರ್ಮಿಕರ ಲೈನುಗಳಲ್ಲಿ ಒಣ ಪಾಯಿಖಾನೆಗಳು 2011ರಲ್ಲೂ ಇದ್ದವು, ಅವನ್ನು ಕೈಯಿಂದ ಬಳಿಯುವವರೂ ಇದ್ದರು. ಇಂಗ್ಲೆಂಡಿನ ಈ ಭಾಗ ಯಾವ ಗೈಡಿನ ಪಟ್ಟಿಯಲ್ಲೂ ಇಲ್ಲ.

ಇರಲಿ, ಸರೋವರ ಕೇಳಿದಿರಲ್ಲ? ದೇಶದ ಅತಿ ಆಳದ ಜ್ವಾಲಾಮುಖಿ ಸರೋವರ ನಿಮ್ಮ ಕಾಲಡಿಯೇ ಇದೆ. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಇಳಿದದ್ದು ಅದೇ ಪುರಾತನ ಲಾವಾ ಕಲ್ಲಿನೊಳಗೆ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದರು. ಪಂಪು ನಿಂತಿತು, ನೀರು ಏರಿತು. ಇಂಥ ಸರೋವರ ಬಾಲಿಯಲ್ಲಿದ್ದರೆ ಟಿಕೆಟ್ ಹರಿದೇ ಹರಿಯುತ್ತಿದ್ದರು. ನಮ್ಮದಕ್ಕೆ ಬೀಗ.

ಸಾಹಸ ಬೇಕಾದರೆ ಅದೂ ಇದೆ. 2020ರ ಮೇನಲ್ಲಿ, ಲಾಕ್‌ಡೌನ್ ದಿನಗಳಲ್ಲಿ, ಪಾಳುಬಿದ್ದ ಗಣಿಯೊಳಕ್ಕೆ ಕಳ್ಳತನದಲ್ಲಿ ಇಳಿದ ಮೂವರು ಸತ್ತರು. ಗೈಡು ಇರಲಿಲ್ಲ. ಕೆಲಸವೂ ಇರಲಿಲ್ಲ. ಅವರನ್ನು ಪತ್ರಿಕೆಗಳು ಕಳ್ಳರು ಎಂದವು. ಇಲ್ಲಿಯ ಗಣಿಗಳಿಂದ ಒಂದು ಶತಮಾನಕ್ಕೂ ಮಿಕ್ಕಿ ಸುಮಾರು 800 ಟನ್ ಚಿನ್ನ ಹೊತ್ತವರನ್ನು ಚರಿತ್ರೆ ಕಂಪನಿ ಎನ್ನುತ್ತದೆ.

ಮೇಲಿನ ಕೆರೆಗಳಿಗೂ ಈಗ ಕಳೆ ಬಂದಿದೆ, ಒಪ್ಪೋಣ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಬೆಂಗಳೂರಿನ ಚರಂಡಿ ನೀರು, ಎರಡೇ ಹಂತ ಶುದ್ಧಿ ಮಾಡಿದ್ದು. ಮೂರನೆಯ ಹಂತ ಕೊಡಿ ಎಂದು ಇಲ್ಲಿಯ ರೈತರು ಕೋರ್ಟು ಹತ್ತಿದರು. ಆರಂಭದಲ್ಲೇ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಎದ್ದಿತ್ತು. ಈಗ ಭಾನುವಾರ ಅದೇ ಬೆಂಗಳೂರಿನವರು ಬಂದು ದಂಡೆಯಲ್ಲಿ ಕೈ ಚಾಚಿ ನಿಂತು, ‘ಆಹಾ, ಎಂಥ ಪ್ರಶಾಂತ ನೀರು’ ಎನ್ನುತ್ತಾರೆ. ಗುರುತು ಸಿಗಲಿಲ್ಲ ಅಂತ ಕಾಣುತ್ತದೆ. ತಾವೇ ವಾರವಿಡೀ ಫ್ಲಶ್ ಮಾಡಿ ಕಳಿಸಿದ್ದು.

ವಾಪಸು ಹೋಗುವಾಗ ಬಂಗಾರಪೇಟೆಯಲ್ಲಿ ಪಾನಿಪುರಿ. ಇಲ್ಲಿಯ ಪಾನಿ ಬಣ್ಣವಿಲ್ಲದ ತಿಳಿನೀರು, ಅದಕ್ಕೇ ಹೆಸರು. ಕಾರಿನಿಂದ ಇಳಿದವರು ಪ್ಲೇಟು ಹಿಡಿದು ಕೇಳುವ ಮೊದಲ ಪ್ರಶ್ನೆ: ‘ನೀರು ಮಿನರಲ್ ತಾನೇ?’ ಕೇಳಲಿ, ಗ್ರಾಹಕರ ಹಕ್ಕು. ಕೋಲಾರದವರೂ ಅದನ್ನೇ ಕೇಳಿದ್ದರು. ಅವರನ್ನು ಅಭಿವೃದ್ಧಿ ವಿರೋಧಿಗಳು ಎಂದರು.

ಸೋಮವಾರ ಊರಿನ ಸರದಿ. ಮಾರಿಕುಪ್ಪಂನಲ್ಲಿ ರೈಲು ಹೊರಡುತ್ತದೆ. ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಬೆಂಗಳೂರಿಗೆ ಕೂಲಿಗೆ, ಸೆಕ್ಯುರಿಟಿ ಕೆಲಸಕ್ಕೆ, ಶೋರೂಮಿಗೆ. ಸಾಹಸ ಚಾರಣ ಅಂದರೆ ಇದು. ದಿನಾ ನಡೆಯುತ್ತದೆ, ರೀಲ್ಸ್ ಯಾರೂ ಮಾಡುವುದಿಲ್ಲ.

ಇನ್ನೊಂದು ವಿಷಯ. ದಿಬ್ಬಗಳನ್ನು ನೋಡಬೇಕೆಂದಿರುವವರು ತಡಮಾಡಬೇಡಿ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿದೆ. ಗಸಿಯಲ್ಲೂ ಪಾಲಿದೆಯಂತೆ. ದಿಬ್ಬ ಅಗೆದರೆ ದೂಳು ಮತ್ತೆ ಏಳುತ್ತದೆ, ಈ ಸಲ ಎಫೆಕ್ಟಿಗೆ ವರನ ಕಾಲು ಬೇಕಾಗಿಲ್ಲ. ಹೋಗುವವರು ಮಾಸ್ಕ್ ಒಯ್ಯಿರಿ. ಫ್ರೇಮಿನಲ್ಲಿ ಚೆನ್ನಾಗಿ ಕಾಣಲ್ಲ ಅಂತ ಫೋಟೊಗ್ರಾಫರ್ ಹೇಗೂ ತೆಗೆಸುತ್ತಾನೆ.