ಎಲ್ಲಿದೀಯಪ್ಪನವರು

ನಮ್ಮ ಬೀದಿಯಲ್ಲಿ ಅವರಿಗೆ ಎಲ್ಲಿದೀಯಪ್ಪನವರು ಎಂದೇ ಹೆಸರು. ಮಗಳಿಗೆ ಫೋನ್ ಮಾಡಿ ‘ಎಲ್ಲಿದೀಯ?’ ಎನ್ನುತ್ತಲೇ ಇರುವ ಅಪ್ಪ, ಸೇರಿಸಿ ಓದಿಕೊಳ್ಳಿ. 2019ರ ಚುನಾವಣೆಯಲ್ಲಿ ಈ ಮಾತು ರಾಜ್ಯದ ಬಾಯಿಗೆಲ್ಲ ಬಿತ್ತು. ಅದರ ಮೂಲ ಹಕ್ಕುದಾರರು ಅರಸೀಕೆರೆಯ ಒಬ್ಬ ಕೊಬ್ಬರಿ ಮಂಡಿ ಗುಮಾಸ್ತರು ಎಂಬುದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ.

ಮಗಳ ಪಿಯು ಕಾಲೇಜಿಗೆ ಹತ್ತು ನಿಮಿಷದ ನಡಿಗೆ. ಅಷ್ಟರಲ್ಲಿ ಮೂರು ಫೋನು. ನಾಲ್ಕನೆಯದು, ಮೂರನೆಯದಕ್ಕೆ ಉತ್ತರ ಕೊಟ್ಟ ದನಿ ಸ್ವಲ್ಪ ಸಣ್ಣಗಿತ್ತಲ್ಲ, ಜ್ವರವೇನಾದರೂ ಬಂತಾ ಎಂದು ಕೇಳಲು. ಟೀವಿ ನ್ಯೂಸ್ ಎಲ್ಲ ಅವರ ಮನೆಗೇ ಅನ್ವಯ. ಬಿಹಾರದಲ್ಲಿ ಸೇತುವೆ ಬಿದ್ದರೆ ಇಲ್ಲಿ ಮಗಳು ಮೋರಿ ದಾಟಬಾರದು.

ಇದೇ ಮನುಷ್ಯ ಹುಡುಗನಾಗಿದ್ದಾಗ ಜಂಕ್ಷನ್ನಿನಲ್ಲಿ ನಿಂತ ಹಾಸನದ ರೈಲು ಹತ್ತಿ, ಟಿಕೆಟ್ಟಿಲ್ಲದೆ ಹೋಗಿ, ಕತ್ತಲಾದ ಮೇಲೆ ಮನೆ ಸೇರಿದವರು. ಅವರಪ್ಪ ಕೇಳಿದ್ದು ‘ಉಂಡ್ಯಾ?’ ಅಂತ ಅಷ್ಟೇ. ಮನೆತುಂಬ ಏಳು ಮಕ್ಕಳು. ಒಂದು ಕಡಿಮೆಯಾದರೆ ಊಟದ ಎಲೆ ಹಾಕುವಾಗ ತಿಳಿಯುತ್ತಿತ್ತು. ‘ಆಗಿನ ಕಾಲ ಚೆನ್ನಾಗಿತ್ತು ಬಿಡಿ’ ಎನ್ನುತ್ತಾರೆ. ಕಾಲ ಚೆನ್ನಾಗಿತ್ತೋ, ಅಪ್ಪನ ಜೇಬಿನಲ್ಲಿ ಫೋನಿರಲಿಲ್ಲವೋ! ನಾನು ನಗುತ್ತೇನೆ, ಸರಿ. ಬೆಂಗಳೂರಿನಿಂದ ನನ್ನ ಮಗ ಬರುವ ರೈಲು ತಿಪಟೂರು ಬಿಟ್ಟಿತಾ ಎಂದು ನಾನೂ ಫೋನು ಉಜ್ಜುತ್ತ ಕೂರುವವನೇ.

ಮೊನ್ನೆ ಮಗಳು ಗೆಳತಿಯರ ಜೊತೆ ಹಳೇಬೀಡು, ಬೇಲೂರು ನೋಡಿ ಬರುತ್ತೇನೆಂದಳು. ದುಡ್ಡಿಲ್ಲ ಎನ್ನಲು ಹೋದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಆ ನೆಪವನ್ನೂ ಕಿತ್ತುಕೊಂಡಿತ್ತು. ಆಧಾರ್ ತೋರಿಸಿದರೆ ಹೆಂಗಸರಿಗೆ ಕೆಂಪು ಬಸ್ಸಿನಲ್ಲಿ ಪುಕ್ಕಟೆ.

‘ವಿಶ್ವ ಪರಂಪರೆ ಪಟ್ಟೀಲಿದೆ ಅಪ್ಪ. ಪ್ರಪಂಚವೇ ಬಂದು ನೋಡುತ್ತೆ.’

‘ಪ್ರಪಂಚವೇ ಬರುತ್ತಲ್ಲ, ಅದೇ ನನ್ನ ಭಯ.’

ಅಡಿಗೆಮನೆಯಿಂದ ಹೆಂಡತಿಯ ದನಿ ಬಂತು: ‘ತಿಂಗಳುಗಟ್ಟಲೆ ಅಟ್ಟದ ಮೇಲೆ ಕಾಯಿ ಬಿಡ್ತೀರಲ್ಲ, ದಿನಾ ಒಂದೊಂದ್ಸಲ ಸುಲಿದು ನೋಡಿದ್ರೆ ಕೊಬ್ಬರಿ ಆಗುತ್ತಾ?’ ಮಂಡಿಯವರಿಗೆ ಮಂಡಿಯ ಭಾಷೆಯಲ್ಲೇ ಹೇಳಿದರೆ ಏನು ಮಾಡುವುದು? ‘ಅಲುಗಾಡಿಸಿಯಾದ್ರೂ ನೋಡ್ಬೇಕಲ್ವೇ’ ಎಂದು ಗೊಣಗಿ ಒಪ್ಪಿದರು.

ಮುಂದಿನದು ಅರ್ಧ ಅವರು ಹೇಳಿದ್ದು, ಅರ್ಧ ಮಗಳು ಹೇಳಿದ್ದು. ಭಾನುವಾರ ಹುಡುಗಿಯರು ಹೊರಟ ಮುಂದಿನ ಬಸ್ಸಿಗೇ ಇವರೂ ಹತ್ತಿದರು, ಮಂಕಿ ಕ್ಯಾಪ್ ಸಮೇತ, ಬಿಸಿಲಿನಲ್ಲಿ. ಜಾವಗಲ್ ದಾಟುವಷ್ಟರಲ್ಲಿ ಬೆವರಿ ತೊಪ್ಪೆ. ಹಳೇಬೀಡಿನಲ್ಲಿ ಹೊಯ್ಸಳೇಶ್ವರನಿಗೆ ಬೆನ್ನು ಹಾಕಿ, ಗೋಡೆಯ ಕೆಳಸಾಲಿನ ಆನೆಗಳನ್ನು ಎಣಿಸುವವರಂತೆ ಸುತ್ತಿದರು. ನೂರು ದಾಟಿದರೂ ಕಣ್ಣು ಆನೆಯ ಮೇಲಿರಲಿಲ್ಲ, ಕೆರೆಯ ಕಡೆ ಹೊರಟ ನಾಲ್ಕು ಜಡೆಗಳ ಮೇಲಿತ್ತು.

ಬೇಲೂರಿನಲ್ಲಿ ಗೈಡ್ ಒಬ್ಬರು ಚೆನ್ನಕೇಶವನ ಬಾಗಿಲಲ್ಲಿ ಸಳನ ಕಥೆ ಹೇಳುತ್ತಿದ್ದರು. ಹುಲಿ ಮೇಲೆ ಬಿದ್ದಾಗ ಗುರುಗಳು ಶಿಷ್ಯನಿಗೆ ‘ಹೊಯ್ ಸಳ’ ಎಂದರಂತೆ, ಅವನು ಹೊಡೆದನಂತೆ, ವಂಶಕ್ಕೆ ಅದೇ ಹೆಸರಾಯಿತಂತೆ. ಎಲ್ಲರೂ ತಲೆದೂಗಿದರು. ಹಿಂದಿನಿಂದ ಮಂಕಿ ಕ್ಯಾಪೊಂದು ಕೇಳಿತು: ‘ಹುಲಿ ಬಂದಾಗ ಓದೋ ಹುಡುಗನ್ನ ಮುಂದೆ ಬಿಡೋದಾ? ಒಳಗೆ ಕರ್ಕೊಂಡು ಬಾಗಿಲು ಹಾಕ್ಕೋಬಾರ್ದಿತ್ತಾ ಗುರುಗಳು?’ ಗೈಡ್ ಇಷ್ಟು ವರ್ಷದಲ್ಲಿ ಎದುರಿಸದ ಪ್ರಶ್ನೆ. ಅವರು ಮದನಿಕೆಯರ ಕಡೆಗೆ ಮಾತು ತಿರುಗಿಸಿದರು.

ಗುಟ್ಟು ರಟ್ಟಾದದ್ದು ಅಂಗಳದ ದೀಪಸ್ತಂಭದ ಬಳಿ. ಸುಮಾರು 42 ಅಡಿಯ ಕಲ್ಲು ಕಂಬ. ನೆಲಕ್ಕೆ ಹೂತಿಲ್ಲ, ಜಗಲಿಯ ಮೇಲೆ ತನ್ನ ಭಾರದಲ್ಲೇ ನಿಂತಿದೆ. ಬುಡದಲ್ಲಿ ಸಂದಿಯಿದೆಯೆಂದು ಬಂದವರೆಲ್ಲ ಕಾಗದ ತೂರಿಸಿ ನೋಡುತ್ತಾರೆ. ಮಗಳೂ ನೋಟ್‌ಬುಕ್ಕಿನ ಹಾಳೆ ಹರಿದು ಬಗ್ಗಿದಳು.

‘ಏಯ್! ಕೈ ತೆಗಿಯೇ! ಬಿದ್ದೀತು!’

ಅಂಗಳಕ್ಕೆ ಅಂಗಳವೇ ತಿರುಗಿತು. ಶತಮಾನಗಳಿಂದ ಯಾರ ಆಸರೆಯೂ ಇಲ್ಲದೆ ನಿಂತಿದ್ದ ಕಂಬ ಮಾತ್ರ ಅಲುಗಲಿಲ್ಲ. ಮಗಳು ತಿರುಗಿಯೂ ನೋಡದೆ ಹಾಳೆಯನ್ನು ಪೂರ್ತಿ ಎಳೆದುಕೊಂಡಳು. ‘ಹಳೇಬೀಡಲ್ಲೇ ನೋಡಿದ್ವಿ ಅಪ್ಪ. ಆ ಟೋಪಿ ತೆಗಿ ಮೊದ್ಲು, ತಲೆ ಸುತ್ತಿ ಬೀಳ್ತೀಯ.’

ವಾಪಸ್ಸು ಬರುವಾಗ ಹುಡುಗಿಯರಿಗೆ ಸೊನ್ನೆ ರೂಪಾಯಿಯ ಟಿಕೆಟ್, ಇವರೊಬ್ಬರಿಗೇ ಪೂರ್ತಿ ದುಡ್ಡು. ‘ನೀವು ಮುಂದೆ ಕೂತ್ಕೊಳ್ಳಿ ಅಂಕಲ್’ ಎಂದು ಹುಡುಗಿಯರು ಹಿಂದಿನ ಸೀಟು ಹಿಡಿದರು. ದಿನವಿಡೀ ಕಾವಲು ಕಾದ ಸುಸ್ತು, ಕಿಟಕಿಯ ಗಾಳಿ; ಜಾವಗಲ್ ಬರುವ ಮೊದಲೇ ಇವರು ಗೊರಕೆ ಹೊಡೆಯುತ್ತಿದ್ದರು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಗಾಬರಿಯಿಂದ ಕಿವಿಗಿಟ್ಟರೆ, ನಾಲ್ಕು ಸೀಟು ಹಿಂದಿನಿಂದ ಮಗಳು:

‘ಅಪ್ಪಾ, ಎಲ್ಲಿದೀಯ?’