ವಿದ್ಯಾಸಾಲ ಮೀಮಾಂಸೆ: ಶಿರಿಯದ ಪಾಠಾಂತರ ಸಹಿತ

ಸೂತ್ರ: ಇನ್ನು ಸಾಲದ ವಿಚಾರ.

ಭಾಷ್ಯ: ‘ಇನ್ನು’ ಎಂದರೆ ಯಾವುದಾದ ಮೇಲೆ? ಶಾಸ್ತ್ರದಲ್ಲಿ ಯಾವ ಮಾತೂ ಸುಮ್ಮನೆ ಬೀಳುವುದಿಲ್ಲ. ಪ್ಲಸ್ ಟು ಫಲಿತಾಂಶ ಬಂದ ಮೇಲೆ ಎಂದು ಒಂದು ಪಕ್ಷ. ಕಾಲೇಜಿನವರು ಫೀಸಿನ ಪಟ್ಟಿ ಕೈಗಿತ್ತ ಮೇಲೆ ಎಂದು ಇನ್ನೊಂದು ಪಕ್ಷ. ಕುಂಬಳೆಗೂ ಉಪ್ಪಳಕ್ಕೂ ನಡುವೆ ಪ್ರಚಲಿತವಿರುವ ಶಿರಿಯದ ಪಾಠ ಇವೆರಡನ್ನೂ ಒಪ್ಪುವುದಿಲ್ಲ. ಅದರ ಪ್ರಕಾರ, ಅಪ್ಪ ರಾತ್ರಿ ಊಟ ಮುಗಿಸಿ, ಜಗಲಿಯಲ್ಲಿ ಕುಳಿತು, ಅಡಕೆ ಹೋಳು ಬಾಯಿಗೆ ಹಾಕಿ, ಯಾರ ಮುಖವನ್ನೂ ನೋಡದೆ “ಒಮ್ಮೆ ಬ್ಯಾಂಕಿನಲ್ಲಿ ಕೇಳಿ ನೋಡುವ” ಎಂದ ಮೇಲೆ. ಅಲ್ಲಿಗೆ ‘ಇನ್ನು’ ಶಬ್ದ ಸಾರ್ಥಕವಾಯಿತು.

ಇನ್ನು ‘ಸಾಲ’ ಶಬ್ದದ ವ್ಯುತ್ಪತ್ತಿ. ‘ಸಾಲು’ ಎಂದರೆ ಸಾಕಾಗು; ಅದರ ನಿಷೇಧರೂಪ ‘ಸಾಲದು’. ಈ ‘ಸಾಲದು’ವಿನ ಬಾಲ ಕತ್ತರಿಸಿದರೆ ಉಳಿಯುವುದೇ ‘ಸಾಲ’. ಕೈಯಲ್ಲಿದ್ದದ್ದು ಸಾಲದು, ಅದಕ್ಕಾಗಿ ಬ್ಯಾಂಕಿನ ಸಾಲ; ಬ್ಯಾಂಕು ಕೊಟ್ಟದ್ದೂ ಸಾಲದು, ಅದಕ್ಕಾಗಿ ಭಾವನಿಂದ ಕೈಗಡ. ‘ಸಾಲು’ ಎಂದರೆ ಪಂಕ್ತಿ, ಕೌಂಟರಿನ ಎದುರು ನಿಲ್ಲುವುದರಿಂದ ಈ ಹೆಸರು ಎಂದು ವಾದಿಸುವವರೂ ಇದ್ದಾರೆ. ಅವರು ಟೋಕನ್ ಯಂತ್ರ ಬಂದದ್ದನ್ನು ಗಮನಿಸಿಲ್ಲ. ಶಿರಿಯವಿರುವ ಕಾಸರಗೋಡು ಸಪ್ತಭಾಷೆಗಳ ನೆಲವಾದ್ದರಿಂದ ಬೇರೆ ಭಾಷೆಗಳನ್ನೂ ಕೇಳಬೇಕು. ತುಳುವಿನಲ್ಲಿ ಸಾಲ ಸಾಲವೇ. ಮಲಯಾಳದಲ್ಲಿ ಅದು ‘ವಾಯ್ಪ’. ‘ವಾಯ್’ ಎಂದರೆ ಬಾಯಿ. ಬಾಯಿಬಿಟ್ಟು ಕೇಳಬೇಕಾದದ್ದು ವಾಯ್ಪ, ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ತೀರಿಸಬೇಕಾದದ್ದೂ ಅದೇ. ಈ ವ್ಯುತ್ಪತ್ತಿಯನ್ನು ಭಾಷಾವಿಜ್ಞಾನಿಗಳು ಒಪ್ಪಲಾರರು. ಅವರಿಗೆ ಸಂಬಳ ಉಂಟು.

ಈಗ ಅಧಿಕರಣಕ್ಕೆ ಬರೋಣ. ಮನುಷ್ಯ ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣ ಎಂಬ ಮೂರು ಸಾಲ ಹೊತ್ತು ಬರುತ್ತಾನೆ ಎಂಬುದು ತೈತ್ತಿರೀಯ ಸಂಹಿತೆಯ ಕಾಲದಿಂದ ಬಂದ ಲೆಕ್ಕ. ಇವುಗಳಲ್ಲಿ ಋಷಿಋಣ ತೀರುವುದು ಓದುವುದರಿಂದ. ಸಂಶಯ ಹುಟ್ಟುವುದು ಇಲ್ಲಿಯೇ: ಓದಿ ಋಣ ತೀರಿಸಬೇಕಾದವನು ಓದುವುದಕ್ಕಾಗಿ ಋಣ ಮಾಡಿದರೆ, ತೀರಿತೇ, ಬೆಳೆಯಿತೇ? ಪೂರ್ವಪಕ್ಷದವರು ಹೇಳುತ್ತಾರೆ: ಋಷಿಗಳ ಖಾತೆಯಿಂದ ಬ್ಯಾಂಕಿನ ಖಾತೆಗೆ ವರ್ಗವಾಯಿತು ಅಷ್ಟೆ, ಮೊತ್ತ ಅದೇ. ಸಿದ್ಧಾಂತಿಯ ಉತ್ತರ: ಅಲ್ಲ. ಋಷಿಗಳು ತಿಂಗಳ ಐದನೇ ತಾರೀಕಿಗೆ ಮೆಸೇಜು ಕಳಿಸುತ್ತಿರಲಿಲ್ಲ.

ಸರ್ವಜ್ಞ ಸಾಲದ ಬಗ್ಗೆ ಹೇಳಿದ್ದು ಎಲ್ಲರಿಗೂ ಬಾಯಿಪಾಠ. ಆದರೆ ಅವನ ಕಾಲದ ಸಾಲಿಗ ಬಾಗಿಲಿಗೇ ಬರುತ್ತಿದ್ದ. ಓದು ಮುಗಿದು ಒಂದು ವರ್ಷದವರೆಗೆ ಬಾರದೇ ಇರುವ ಸಾಲಿಗನನ್ನು ಅವನು ಕಂಡಿರಲಿಲ್ಲ. ಅದನ್ನು ಕಂಡವನು ಕೌಟಿಲ್ಯ. ಅರ್ಥಶಾಸ್ತ್ರದ ಮೂರನೇ ಅಧಿಕರಣದ ಹನ್ನೊಂದನೇ ಅಧ್ಯಾಯದಲ್ಲಿ ಆತ ಯಾರ ಸಾಲಕ್ಕೆ ಬಡ್ಡಿ ಬೆಳೆಯಬಾರದು ಎಂದು ಪಟ್ಟಿ ಕೊಡುತ್ತಾನೆ: ದೀರ್ಘ ಯಜ್ಞದಲ್ಲಿ ತೊಡಗಿದವನು, ಕಾಯಿಲೆಯವನು, ಬಾಲಕ, ಬಡವ. ಇವರೊಂದಿಗೆ ಗುರುಕುಲದಲ್ಲಿ ಕಟ್ಟುಬಿದ್ದಿರುವವನು, ಅಂದರೆ ವಿದ್ಯಾರ್ಥಿ. ಈ ಗ್ರಂಥದ ಓಲೆಪ್ರತಿಯನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಓದುವ ಕಾಲದ ಬಡ್ಡಿಯನ್ನು ತಾನೇ ಕಟ್ಟುತ್ತೇನೆ ಎಂಬ ಯೋಜನೆಯನ್ನು ಕೇಂದ್ರ ಸರ್ಕಾರ ಜಾರಿಗೆ ತಂದದ್ದು 2009-10ರಲ್ಲಿ. ಅಚ್ಚಾದ ಪುಸ್ತಕ ದಿಲ್ಲಿಯ ಮೇಜಿಗೆ ತಲುಪಲು ಸರಿಯಾಗಿ ನೂರು ವರ್ಷ ಬೇಕಾಯಿತು. ಕಡತಗಳ ಸರಾಸರಿ ವೇಗಕ್ಕೆ ಹೋಲಿಸಿದರೆ ಇದು ಶೀಘ್ರವೇ. ಕೌಟಿಲ್ಯ ಎಲ್ಲ ವಿದ್ಯಾರ್ಥಿಗಳಿಗೂ ಬಿಟ್ಟ. ಸರ್ಕಾರ ಮನೆಯ ವರಮಾನ ವರ್ಷಕ್ಕೆ 4.5 ಲಕ್ಷದೊಳಗಿದ್ದವರಿಗೆ ಮಾತ್ರ ಬಿಟ್ಟಿತು, ಅದಕ್ಕೊಂದು ಸರ್ಟಿಫಿಕೇಟನ್ನೂ ಕೇಳಿತು.

ಅದೇ ಅಧ್ಯಾಯದಲ್ಲಿ ಶಿರಿಯದವರು ಗಮನಿಸಬೇಕಾದ ಇನ್ನೊಂದು ಮಾತುಂಟು. ಧರ್ಮದ ಬಡ್ಡಿ ತಿಂಗಳಿಗೆ ನೂರಕ್ಕೆ ಒಂದೂಕಾಲು. ಕಾಡು ದಾಟುವವರಿಗೆ ಹತ್ತು. ಸಮುದ್ರ ದಾಟುವವರಿಗೆ ಇಪ್ಪತ್ತು. ಕೊಲ್ಲಿಯ ವೀಸಾಕ್ಕೆ ಸಾಲ ಮಾಡಿದ ತಲೆಮಾರಿಗೆ ಈ ಇಪ್ಪತ್ತರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಸೂತ್ರ: ಆಧಾರವಿಲ್ಲದ್ದಕ್ಕೆ ಆಧಾರ ಬೇಡ, ಇದ್ದರೆ ಒಳ್ಳೆಯದು.

ಭಾಷ್ಯ: ಇದು ಇಡೀ ಶಾಸ್ತ್ರದ ಕಗ್ಗಂಟು. ನಮ್ಮ ಕಡೆ ‘ಆಧಾರ’ ಎಂದರೆ ಜಾಗದ ದಸ್ತಾವೇಜು. ಮಲಯಾಳದ ‘ಆಧಾರಂ’ ನಮ್ಮ ಬಾಯಿಗೆ ಬಂದು ಹೀಗಾಯಿತು. ಆಮೇಲೆ ಕೇಂದ್ರ ಸರ್ಕಾರ ಅದೇ ಹೆಸರಿನ ಕಾರ್ಡು ಹಂಚಿತು. ಹಾಗಾಗಿ ಗಡಿಯ ಬ್ಯಾಂಕುಗಳಲ್ಲಿ ಈ ಸಂವಾದ ನಡೆಯುತ್ತದೆ:

“ಆಧಾರ ತಂದಿದ್ದೀರಾ?”

“ಇದಾ ಸಾರ್.”

“ಇದಲ್ಲ, ಮಣ್ಣಿನದ್ದು.”

“ನಾಲ್ಕು ಲಕ್ಷದವರೆಗೆ ಜಾಗದ್ದು ಬೇಡ ಅಂತ ಪೇಪರಿನಲ್ಲಿ ಉಂಟಲ್ಲ?”

“ಬೇಡ. ಇದ್ದರೆ ಒಳ್ಳೆಯದು.”

ಪೇಪರಿನಲ್ಲಿ ಇದ್ದದ್ದು ಸುಳ್ಳಲ್ಲ. ಭಾರತೀಯ ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಯೋಜನೆಯನ್ನು ರಿಸರ್ವ್ ಬ್ಯಾಂಕ್ 2001ರ ಏಪ್ರಿಲಿನಲ್ಲಿ ಎಲ್ಲ ಬ್ಯಾಂಕುಗಳಿಗೂ ಕಳಿಸಿತು. ಅದರಲ್ಲಿ 4 ಲಕ್ಷದವರೆಗೆ ಅಡವು ಬೇಡ. 2015ರಲ್ಲಿ ಖಾತ್ರಿ ನಿಧಿಯೊಂದನ್ನು ಮಾಡಿ ಈ ಮಿತಿಯನ್ನು 7.5 ಲಕ್ಷಕ್ಕೆ ಏರಿಸಿದರು. ಹಾಗಾದರೆ ‘ಇದ್ದರೆ ಒಳ್ಳೆಯದು’ ಎಂಬ ವಾಕ್ಯ ವಿಧಿಯೋ, ಅರ್ಥವಾದವೋ? ಮೀಮಾಂಸಕರ ನಿಯಮದಂತೆ ವಿಧಿಯಾದರೆ ಪಾಲಿಸಲೇಬೇಕು, ಅರ್ಥವಾದವಾದರೆ ಬರೀ ಹೊಗಳಿಕೆ. ಮ್ಯಾನೇಜರರ ಕನ್ನಡಕದ ಮೇಲಿನಿಂದ ಬಂದ ನೋಟವನ್ನು ಪ್ರಮಾಣವೆಂದು ತೆಗೆದುಕೊಂಡರೆ ಅದು ವಿಧಿ. ಮರುದಿನ ಅಪ್ಪ ವಿಲೇಜ್ ಆಫೀಸಿಗೆ ಹೋಗುತ್ತಾನೆ: ತೀರ್ವೆ ರಶೀದಿ, ಕೈವಶದ ಸರ್ಟಿಫಿಕೇಟು, ವರಮಾನದ ಸರ್ಟಿಫಿಕೇಟು. ಅಲ್ಲಿಂದ ರಿಜಿಸ್ಟ್ರಾರ್ ಆಫೀಸಿಗೆ, ಜಾಗದ ಮೇಲೆ ಬೇರೆ ಸಾಲವಿಲ್ಲವೆಂಬ ‘ಕುಡಿಕ್ಕಡ’ಕ್ಕೆ. ಸರ್ಟಿಫಿಕೇಟು ಮಲಯಾಳದಲ್ಲಿ, ಅರ್ಜಿ ಇಂಗ್ಲಿಷಿನಲ್ಲಿ, ಅದರ ಕೆಳಗಿನ ಸಣ್ಣಕ್ಷರ ಹಿಂದಿಯಲ್ಲಿ, ಅಪ್ಪನ ರುಜು ಕನ್ನಡದಲ್ಲಿ, ಹೊರಗೆ ಬಂದು ಬೈದದ್ದು ತುಳುವಿನಲ್ಲಿ.

2023ರ ಮೇ ತಿಂಗಳಲ್ಲಿ ಕೇರಳ ಹೈಕೋರ್ಟು ಸಿಬಿಲ್ ಅಂಕ ಕಡಿಮೆ ಎಂಬ ಒಂದೇ ಕಾರಣಕ್ಕೆ ವಿದ್ಯಾಸಾಲ ನಿರಾಕರಿಸಬಾರದು ಎಂದಿತು. ಪ್ಲಸ್ ಟುವಿನ ಅಂಕ ಕಡಿಮೆಯಾದರೆ ಸೀಟಿಲ್ಲ, ಸಿಬಿಲ್ ಅಂಕ ಕಡಿಮೆಯಾದರೆ ಸಾಲವಿಲ್ಲ ಎಂಬ ಎರಡು ಬೇಲಿಗಳಲ್ಲಿ ಒಂದನ್ನಾದರೂ ಕೋರ್ಟು ಸ್ವಲ್ಪ ತಗ್ಗಿಸಿತು. ಸೀಟಿನ ಬೇಲಿಗೂ ಗಡಿಯ ಮಕ್ಕಳಿಗೆ ಒಂದು ಸಣ್ಣ ಕಂಡಿ ಉಂಟು: ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರೆಂಬ ವಿಭಾಗ. ಅದರಲ್ಲಿ ನುಸುಳಬೇಕಾದರೆ ಕನ್ನಡ ಬರುತ್ತದೆ ಎಂದು ಪರೀಕ್ಷೆ ಬರೆದು ತೋರಿಸಬೇಕು. ಸೀಟು ಪಡೆಯಲು ಕನ್ನಡಿಗ, ಸಾಲ ಪಡೆಯಲು ಕೇರಳೀಯ. ಗಡಿಯ ತಲಪಾಡಿ ದಾಟುವಾಗ ಬಸ್ಸಿನಲ್ಲಿ ಈ ಪರಿವರ್ತನೆ ಎಷ್ಟನೇ ಸೀಟಿನಲ್ಲಿ ಆಗುತ್ತದೆ ಎಂಬುದು ಸಂಶೋಧನೆಗೆ ಯೋಗ್ಯ ವಿಷಯ.

ಈಗ ತತ್ತ್ವಶಾಸ್ತ್ರ. ವಿದ್ಯಾಸಾಲದ ಹಣ ವಿದ್ಯಾರ್ಥಿಯ ಕೈಗೆ ಬರುವುದಿಲ್ಲ. ಬ್ಯಾಂಕಿನಿಂದ ಫೀಸು ನೇರ ಕಾಲೇಜಿನ ಖಾತೆಗೆ ಹೋಗುತ್ತದೆ. ಸಾಲ ಪಡೆದ ಹುಡುಗಿ ಆ ನಾಲ್ಕು ಲಕ್ಷವನ್ನು ಮುಟ್ಟಿಲ್ಲ, ಎಣಿಸಿಲ್ಲ, ಅದರ ವಾಸನೆಯನ್ನೂ ಕಂಡಿಲ್ಲ. ಹಣ ಮಿಥ್ಯೆ, ಕಂತು ಸತ್ಯ. ಇದಕ್ಕಿಂತ ಶುದ್ಧವಾದ ಅದ್ವೈತ ಬೇರೆಲ್ಲಿದೆ?

ಇಲ್ಲಿ ಪ್ರಬಂಧಕಾರನು ತನ್ನ ಸ್ವಂತ ಸಿದ್ಧಾಂತವಾದ ‘ಮಳೆಚಕ್ರವಾದ’ವನ್ನು ಮಂಡಿಸುತ್ತಾನೆ. ಹಳೆಯ ದಕ್ಷಿಣ ಕನ್ನಡದಷ್ಟು ಬ್ಯಾಂಕು ಹೆತ್ತ ನೆಲ ದೇಶದಲ್ಲಿ ಇನ್ನೊಂದು ಇರಲಾರದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಷನ್, 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಆಗ ಶಿರಿಯವೂ ಅದೇ ಜಿಲ್ಲೆಯ ಊರು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೂ. 1928ರಲ್ಲಿ ಸಿಂಡಿಕೇಟಿನವರು ‘ಪಿಗ್ಮಿ’ ಶುರುಮಾಡಿದರು: ಏಜೆಂಟನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆ ಒಯ್ಯುವುದು. ಆ ಬ್ಯಾಂಕನ್ನು ಕಟ್ಟಿದವರಲ್ಲೊಬ್ಬರಾದ ಡಾ. ಟಿ.ಎಂ.ಎ. ಪೈಗಳೇ 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ಮೆಡಿಕಲ್ ಕಾಲೇಜು ಕಟ್ಟಿದರು. ಸರ್ಕಾರ ಕಟ್ಟದಿದ್ದ ಕಾಲೇಜನ್ನು ಊರವರೇ ಕಟ್ಟಿಕೊಂಡರು, ಅದು ದೊಡ್ಡ ಮಾತು. ಆಮೇಲೆ ಬಂದವರಲ್ಲಿ ಕೆಲವರು ಕಟ್ಟಡ ನೋಡಿ ಕಲಿತರು, ಕೆಲವರು ಫೀಸು ನೋಡಿ ಕಲಿತರು. 1984ರಲ್ಲಿ ಕರ್ನಾಟಕ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿ ಕಾಯ್ದೆ ಮಾಡಬೇಕಾಯಿತು. ಅಂತೂ ಚಕ್ರ ಹೀಗೆ: ಶಿರಿಯದ ಅಡುಗೆಮನೆಯ ಡಬ್ಬದಿಂದ ಹಣ ಆವಿಯಾಗಿ ಏಳುತ್ತದೆ, ಬ್ಯಾಂಕಿನಲ್ಲಿ ಠೇವಣಿಯಾಗಿ ಮೋಡಗಟ್ಟುತ್ತದೆ, ವಿದ್ಯಾಸಾಲವಾಗಿ ಮಂಗಳೂರು, ದೇರಳಕಟ್ಟೆಗಳ ಕಾಲೇಜುಗಳ ಮೇಲೆ ಸುರಿಯುತ್ತದೆ. ಶಿರಿಯದಲ್ಲಿ ಹನಿಯೂ ಬೀಳುವುದಿಲ್ಲ. ಸಿಡಿಲು ಮಾತ್ರ ಇಲ್ಲಿಗೆ.

ಗಣಿತಾಧ್ಯಾಯವನ್ನು ಬೇಗ ಮುಗಿಸೋಣ, ಓದುಗರು ಎದ್ದು ಹೋಗುವ ಭಯವುಂಟು. ನಾಲ್ಕು ವರ್ಷದ ಕೋರ್ಸು, ವರ್ಷಕ್ಕೊಂದು ಲಕ್ಷ, ನೂರಕ್ಕೆ 10 ಬಡ್ಡಿ ಎಂದಿಟ್ಟುಕೊಳ್ಳಿ. ಓದುವ ಕಾಲಕ್ಕೂ ಆಮೇಲಿನ ಒಂದು ವರ್ಷಕ್ಕೂ ಸರಳ ಬಡ್ಡಿ: 1 ಲಕ್ಷ 40 ಸಾವಿರ. ಬಡ್ಡಿ ಬಿಡುವ ಯೋಜನೆಗೆ ಸೇರದವರಿಗೆ ಅದು ಅಸಲಿಗೆ ಸೇರುತ್ತದೆ. ಹೀಗೆ 5.4 ಲಕ್ಷವಾದದ್ದನ್ನು 15 ವರ್ಷದಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 5,800. ಒಟ್ಟು ಕಟ್ಟುವುದು 10.44 ಲಕ್ಷ. ಶಿರಿಯದ ಹೊಳೆಗೆ ಉಬ್ಬರದಲ್ಲಿ ಕಡಲ ಉಪ್ಪುನೀರು ಏರಿ ಬರುವುದನ್ನು ಕಂಡವರಿಗೆ ಇದು ಗೊತ್ತು: ಮೇಲಿನಿಂದ ಬರುವ ಸಿಹಿನೀರು ಅಸಲು, ಕೆಳಗಿನಿಂದ ಏರುವುದು ಬಡ್ಡಿ, ಬಾವಿಯಲ್ಲಿ ಸಿಗುವುದು ಎರಡೂ ಕಲೆತದ್ದು.

ಇದು ಧರ್ಮಶಾಸ್ತ್ರಕ್ಕೆ ಒಪ್ಪಿತವೇ? ಮನುಸ್ಮೃತಿಯ ಎಂಟನೇ ಅಧ್ಯಾಯ ಬಡ್ಡಿ ಸೇರಿ ಸಾಲ ದುಪ್ಪಟ್ಟು ಮೀರಬಾರದು ಎನ್ನುತ್ತದೆ. ನಾಲ್ಕು ಲಕ್ಷದ ದುಪ್ಪಟ್ಟು ಎಂಟು. ಹತ್ತೂವರೆಯ ಹತ್ತಿರ ಹೋದದ್ದು ಸ್ಪಷ್ಟ ಅಧರ್ಮ. ಆದರೆ ಶ್ಲೋಕದಲ್ಲಿ ಒಂದು ಚಿಕ್ಕ ಮಾತು ಸೇರಿಕೊಂಡಿದೆ: ಬಡ್ಡಿಯನ್ನು ಒಮ್ಮೆಗೇ ವಸೂಲು ಮಾಡಿದರೆ ಮಾತ್ರ ಈ ಮಿತಿ. ತಿಂಗಳು ತಿಂಗಳು ತೆಗೆದರೆ ಅಡ್ಡಿಯಿಲ್ಲ. ಕಂತನ್ನು ಕಂಡುಹಿಡಿದವರು ಸಂಸ್ಕೃತ ಬಲ್ಲವರೇ ಇರಬೇಕು.

ಪ್ರಾಯಶ್ಚಿತ್ತ ಪ್ರಕರಣವೂ ಉಂಟು. 2017ರಲ್ಲಿ ಕೇರಳ ಸರ್ಕಾರ 900 ಕೋಟಿ ರೂಪಾಯಿಯ ವಿದ್ಯಾಸಾಲ ಮರುಪಾವತಿ ನೆರವು ಘೋಷಿಸಿತು. 2016ರ ಮಾರ್ಚಿನೊಳಗೆ ಕೆಟ್ಟುಹೋದ ನಾಲ್ಕು ಲಕ್ಷದವರೆಗಿನ ಸಾಲದಲ್ಲಿ ನೂರಕ್ಕೆ 60 ಸರ್ಕಾರ ಕಟ್ಟುವುದು, ಉಳಿದ 40 ಸಾಲಗಾರ ಕಟ್ಟುವುದು ಎಂದಿತ್ತು. ಕೆಡದ ಸಾಲಕ್ಕೆ ಮೊದಲ ವರ್ಷ ಕಂತಿನ 90 ಭಾಗ, ಆಮೇಲೆ 75, 50, 25. ಒಳ್ಳೆಯ ಯೋಜನೆ. ಎಷ್ಟೋ ಮನೆಗಳು ಉಸಿರಾಡಿದವು. ಆದರೆ ಅದರ ಮೊದಲೇ ಮೂರು ಪವನು ಅಡವಿಟ್ಟು, ತೆಂಗಿನಕಾಯಿ ಮಾರಿ, ತಿಂಗಳು ತಪ್ಪದೆ ಕಟ್ಟಿ ಮುಗಿಸಿದವನು ಯಾವ ಪ್ರಕರಣದಲ್ಲೂ ಬರುವುದಿಲ್ಲ. ಬಂದ್ಯೋಡಿನ ಚಹಾದಂಗಡಿಯಲ್ಲಿ ಅಂಥವನು “ಕಟ್ಟಿದ್ದೇ ತಪ್ಪಾಯ್ತು ಮಾರಾಯ” ಎಂದರೆ, ಪಾಪ ಮಾಡದವನಿಗೆ ಪ್ರಾಯಶ್ಚಿತ್ತವಿಲ್ಲ ಎಂದು ಶಾಸ್ತ್ರ ಹೇಳಿ ಸಮಾಧಾನ ಮಾಡಬೇಕು. ಚಹಾದ ದುಡ್ಡನ್ನು ನಾವೇ ಕೊಡುವುದು ವಾಸಿ.

ಸೂತ್ರ: ಜಾಮೀನು ಬೇಡದ ಸಾಲಕ್ಕೆ ಮಾನ ಜಾಮೀನು.

ಭಾಷ್ಯ: ಇದಕ್ಕೆ ಹಾಸ್ಯದ ಭಾಷ್ಯ ಬರೆಯಲು ಪ್ರಬಂಧಕಾರ ಮೂರು ಸಲ ಯತ್ನಿಸಿ ಬಿಟ್ಟಿದ್ದಾನೆ. ನರ್ಸಿಂಗ್ ಮುಗಿಸಿದ ಹುಡುಗಿಗೆ ಮೊದಲ ಕೆಲಸ ಸಿಕ್ಕಿ, ಹಾಸ್ಟೆಲು, ಊಟ ಕಳೆದು ಉಳಿದದ್ದು ಕಂತಿಗೆ ಸಾಲದು. ಮೂರು ತಿಂಗಳು ತಪ್ಪಿತು. ನಡುಮಧ್ಯಾಹ್ನ ಜೀಪೊಂದು ಹೆದ್ದಾರಿಯಿಂದ ಇಳಿದು ಬಂತು. ಅದರಲ್ಲಿದ್ದವರು ಒಳ್ಳೆಯವರೇ, ಮೆತ್ತಗೆ ಮಾತಾಡುವವರೇ. ಆದರೆ ದಾರಿ ಕೇಳುವುದಕ್ಕೆ ಅಂಗಡಿಯ ಎದುರು ನಿಲ್ಲಿಸಿ, “ಸಾಲ ತೆಗೆದು ಓದಿದ ಆ ಹುಡುಗಿಯ ಮನೆ ಯಾವುದು?” ಎಂದರು. ನಾಲ್ಕು ಲಕ್ಷದವರೆಗೆ ಅಡವು ಬೇಡ ಎಂದು ಬರೆದವರಿಗೆ ಅಡವು ಎಲ್ಲಿ ಇರುತ್ತದೆ ಎಂಬುದು ಗೊತ್ತಿತ್ತು. ಆಮೇಲೆ ಮದುವೆಯ ಮಾತು ಬಂದಾಗ ಗಂಡಿನ ಕಡೆಯವರು ಕೇಳಿದ್ದು ಚಿನ್ನವನ್ನಲ್ಲ: “ಹುಡುಗಿಗೆ ಎಷ್ಟು ಉಂಟು ಬಾಕಿ?” ಮಾದರಿ ಯೋಜನೆಯಲ್ಲಿ ಇದಕ್ಕೂ ದಾರಿ ಇದೆ: ವಿವಾಹಿತೆಯಾದರೆ ಗಂಡ ಅಥವಾ ಅತ್ತೆಮಾವಂದಿರು ಜತೆ ಸಾಲಗಾರರಾಗಬಹುದು. ಏಳು ಹೆಜ್ಜೆಗಳಲ್ಲಿ ಇದು ಎಷ್ಟನೆಯದು ಎಂದು ಪುರೋಹಿತರನ್ನು ಕೇಳಬೇಕು.

ಕೊನೆಗೆ ಹಸ್ತಪ್ರತಿಯ ವಿವರ. ಈ ಪ್ರಬಂಧಕ್ಕೆ ಆಕರವಾದದ್ದು ಪ್ರಬಂಧಕಾರನ ಮನೆಯ ತಗಡಿನ ಪೆಟ್ಟಿಗೆಯಲ್ಲಿ ದೊರೆತ ಒಂದು ಪಾಸ್‌ಬುಕ್ಕು. ರಟ್ಟಿಗೆ ಗೆದ್ದಲು ಹಿಡಿದಿದೆ, ಮೊದಲ ಎರಡು ಹಾಳೆ ಇಲ್ಲ. ಮುಖಪುಟದ ಮೇಲಿನ ಬ್ಯಾಂಕು ಈಗ ಇನ್ನೊಂದರೊಳಗೆ ಸೇರಿಹೋಗಿದೆ, ಸಾಲ ಮಾತ್ರ ಬದುಕುಳಿದು ದಾಟಿತು. ನಡುವೆ ಸಹಕಾರಿ ಸಂಘದ ಒಂದು ಚಿನ್ನದ ಚೀಟಿ ಸಿಕ್ಕಿಕೊಂಡಿತ್ತು: ಸರ ಒಂದು, ತೂಕ ಮೂರು ಪವನು. ಕಂತು ಕಟ್ಟಿದ ತಾರೀಕುಗಳನ್ನೂ ಚೀಟಿಯ ತಾರೀಕನ್ನೂ ಹೋಲಿಸಿದಾಗ ಈ ಶಾಸ್ತ್ರದ ಉಳಿದ ಭಾಗವೆಲ್ಲ ತಾನಾಗಿ ತೆರೆದುಕೊಂಡಿತು. ದೃಢಪಡಿಸಿಕೊಳ್ಳಲು ಅಡುಗೆಮನೆಗೆ ಹೋಗಿ, “ಅಮ್ಮ, ನೀನು ಸರ ಅಡವಿಟ್ಟದ್ದು ನನ್ನ ಕಂತಿಗಾ?” ಎಂದು ಕೇಳಲಾಯಿತು.

ಅಮ್ಮ ದೋಸೆ ಮಗುಚುತ್ತ, “ಆ ಚೀಟಿ ಸಿಕ್ಕಿತಾ? ಎಲ್ಲಿತ್ತು? ಅದನ್ನು ಹುಡುಕಿ ಹುಡುಕಿ ಸಾಕಾಗಿತ್ತು ನನಗೆ” ಎಂದು ಕೈ ಒರೆಸಿಕೊಂಡು ಇಸಿದುಕೊಂಡಳು.