ತಲೆ ಎತ್ತಿ ನಡೆಯುವವರು

ರಾಯಚೂರಿನ ಬೇಸಿಗೆ ಬಿಸಿಲಿನಲ್ಲಿ ತಲೆ ಎತ್ತಿ ನಿಲ್ಲುವವರು ಎರಡೇ ಜಾತಿ. ಒಬ್ಬ ಮೋಡ ಹುಡುಕುವ ರೈತ. ಇನ್ನೊಬ್ಬ, ಮೊಬೈಲ್ ಟವರಿಗೆ ಹೊಸದಾಗಿ ಯಾವ ಡಬ್ಬಿ ಕಟ್ಟಿದರು ಎಂದು ನೋಡುವ ಹವ್ಯಾಸಿ. ಮಳೆಗಾಲ ಬಂದರೆ ರೈತನಿಗಾದರೂ ಕುತ್ತಿಗೆ ಇಳಿಸುವ ಯೋಗವಿದೆ. ಇವನಿಗೆ ಅದೂ ಇಲ್ಲ. ಮಳೆಯಲ್ಲಿ ಸಿಗ್ನಲ್ ಹೇಗಿರುತ್ತದೆ ಅಂತ ಮತ್ತೆ ನೋಡಬೇಕಲ್ಲ!

ತೀನ್ ಕಂದೀಲಿನ ಸಂದಣಿಯಲ್ಲಿ ಊರಿಗೆ ಊರೇ ಫೋನಿನೊಳಗೆ ಮುಖ ಹುದುಗಿಸಿ ನಡೆಯುವಾಗ, ಇವನೊಬ್ಬ ಫೋನ್ ಕೈಯಲ್ಲಿ ಹಿಡಿದು ಮಾಳಿಗೆಗಳ ಮೇಲೆ ಕಣ್ಣಾಡಿಸುತ್ತಿರುತ್ತಾನೆ. ಆಟೊದವನು "ಏ ಕಾಕಾ, ಮ್ಯಾಲೇನ್ ಜಾತ್ರಿ ನಡದದೇನ್ರೀ?" ಎಂದು ಕೂಗಿದರೂ ಕೇಳಿಸದು. ಮನೆಯಿಂದ ಹೊರಟದ್ದು ಒಗ್ಗರಣಿಗೆ ಮಂಡಾಳ ತರಲು. ಮಂಡಾಳ ಅಂಗಡಿಯಲ್ಲೇ ಉಳಿಯಿತು, ಇವನು ಮೂರು ಓಣಿ ದಾಟಿ ಟವರಿನ ಬುಡ ಮುಟ್ಟಿದ.

ಇಂಥವರಿಗೆ ಸಂಘವಿಲ್ಲ, ಅಧ್ಯಕ್ಷ–ಕಾರ್ಯದರ್ಶಿಗಳಿಲ್ಲ, ರಾಜ್ಯೋತ್ಸವ ಪ್ರಶಸ್ತಿಗೆ ಅರ್ಜಿಯೂ ಹಾಕುವುದಿಲ್ಲ. ಕನ್ನಡನಾಡಿನಲ್ಲಿ ಇವರನ್ನು ಅಪರೂಪದವರು ಎನ್ನಲು ಇಷ್ಟೇ ಸಾಕು. ರಿಚಾರ್ಜ್ ಅಂಗಡಿಯ ಹುಡುಗ ಇದ್ದಾನು, ಎಂಜಿನಿಯರಿಂಗ್ ಓದುವವನು ಇದ್ದಾನು, ಟೆಲಿಫೋನ್ ಇಲಾಖೆಯಿಂದ ನಿವೃತ್ತನಾದ ಲೈನ್‌ಮನ್ನೂ ಇದ್ದಾನು. ಕಣ್ಣು ಮಾತ್ರ ಎಲ್ಲರದ್ದೂ ಒಂದೇ. ಉದ್ದನೆಯ ಬಿಳಿ ಹಲಗೆ ಕಂಡರೆ ಹಳೆಯ ಆಂಟೆನಾ ಅನ್ನುತ್ತಾರೆ. ಗಿಡ್ಡಗೆ ದಪ್ಪಗೆ ಇರುವ ಡಬ್ಬಿ 5ಜಿ. ದುಂಡಗಿನದು ಮೈಕ್ರೊವೇವ್, ಅಂದರೆ ಒಂದು ಟವರಿನಿಂದ ಇನ್ನೊಂದಕ್ಕೆ ಮಾತು ಸಾಗಿಸುವ ಗಾಳಿದಾರಿ. ಊರವರು "ಏರ್‌ಟೆಲ್ ಟವರ್ ಹತ್ರ ಬಾ" ಎಂದರೆ ಇವರಿಗೆ ಮೈಯೆಲ್ಲ ಉರಿ. "ಟವರ್ ಅವರದಲ್ರೀ! ಇಂಡಸ್ ಟವರ್ಸ್‌ದು. ಅವರು ಬಾಡಿಗಿಗೆ ಅದಾರ. ಕೆಳಗಿನ ಮಜಲಿಗೆ ಬ್ಯಾರೆ ಕಂಪನಿ ಕುಂತದ ನೋಡ್ರಿ!" ನಾವು ನೋಡುತ್ತೇವೆ. ನಮಗೆ ಕಬ್ಬಿಣ ಕಾಣುತ್ತದೆ, ಮೇಲೊಂದು ಕಾಗೆ ಕಾಣುತ್ತದೆ.

ಫೋನಿನ ಮೂಲೆಯ ಕಡ್ಡಿಗಳನ್ನು ಇವರು ನಂಬುವುದಿಲ್ಲ. ಅದರಲ್ಲಿ ನ್ಯಾಯವಿದೆ. ಎಷ್ಟು ಸಿಗ್ನಲಿಗೆ ಎಷ್ಟು ಕಡ್ಡಿ ತೋರಿಸಬೇಕು ಎಂಬುದು ಬಹಳಮಟ್ಟಿಗೆ ಫೋನ್ ತಯಾರಿಸಿದವನ ಮರ್ಜಿ. ಅದಕ್ಕೇ ಇವರು *#*#4636#*#* ಎಂದು ಒತ್ತಿ, ಇಲ್ಲವೇ ಸೆಲ್‌ಮ್ಯಾಪರ್, ನೆಟ್‌ಮಾನ್ಸ್ಟರ್ ಎಂಬ ಆ್ಯಪುಗಳನ್ನು ತೆರೆದು ಒಳಗಿನ ಅಂಕಿ ಓದುತ್ತಾರೆ. ಮೈನಸ್ 80 ಬಂದರೆ ಮುಖ ಅರಳುತ್ತದೆ, ಮೈನಸ್ 115 ಬಂದರೆ ಮನೆಯಲ್ಲಿ ಯಾರೋ ಆಸ್ಪತ್ರೆ ಸೇರಿದವರ ಹಾಗೆ ನಿಟ್ಟುಸಿರು. ಈ ಡೆಸಿಬೆಲ್ ಲೆಕ್ಕ ಸಾದಾ ಲೆಕ್ಕವಲ್ಲ: ಮೂರು ಇಳಿದರೆ ಶಕ್ತಿ ಅರ್ಧ, ಹತ್ತು ಇಳಿದರೆ ಹತ್ತರಲ್ಲೊಂದು, ಮೂವತ್ತು ಇಳಿದರೆ ಸಾವಿರದಲ್ಲೊಂದು. ಅಂಗಳದಲ್ಲಿ ಮೈನಸ್ 85 ಇದ್ದದ್ದು ದೇವರಮನೆಗೆ ಬರುವಷ್ಟರಲ್ಲಿ ಮೈನಸ್ 115 ಆದರೆ, ದೇವರಿಗೆ ತಲುಪಿದ್ದು ಸಾವಿರದಲ್ಲೊಂದು ಪಾಲು.

ಅಲ್ಲಿಗೂ ಮುಗಿಯುವುದಿಲ್ಲ. 4ಜಿಯ ಪ್ರತಿ ಸೆಲ್ಲಿಗೂ ಎಂಟೊಂಬತ್ತು ಅಂಕಿಯ ಒಂದು ಸಂಖ್ಯೆ ಇರುತ್ತದೆ. ಅದನ್ನು 256ರಿಂದ ಭಾಗಿಸಿದರೆ ಬರುವ ಭಾಗಲಬ್ಧವೇ ಆ ಟವರಿನ ಗುರುತು, ಶೇಷ ಅದರ ದಿಕ್ಕಿನದು. ಹದಿನಾರರ ಮಗ್ಗಿಗೆ ಮಾಸ್ತರರ ಕೈಯಲ್ಲಿ ಏಟು ತಿಂದವರು ಈಗ ಬಸ್ಸಿನಲ್ಲಿ ಕೂತು 256ರಿಂದ ಭಾಗಿಸುತ್ತಾರೆ. ಮೇಲಿಂದ, ಟವರು ಎಷ್ಟು ದೂರ ಎಂಬುದಕ್ಕೂ ಒಂದು ಅಳತೆ ಉಂಟು. 2ಜಿ ಕಾಲದಲ್ಲಿ ಅದರ ಒಂದು ಹೆಜ್ಜೆ ಸುಮಾರು 550 ಮೀಟರ್, 4ಜಿಯಲ್ಲಿ 78 ಮೀಟರ್. ಗಬ್ಬೂರಿಗೆ ಹೋದ ಇಂಥ ಒಬ್ಬರು ಹಳೆಯ ಗುಡಿಗಳನ್ನೂ ಶಾಸನಗಳನ್ನೂ ಬಿಟ್ಟು, ಗುಡಿಯ ಹಿಂದಿನ ಟವರಿನ ಫೋಟೊ ತೆಗೆದುಕೊಂಡು ಬಂದರು ಎಂದರೆ ನೀವು ನಂಬಲೇಬೇಕು.

ನಮ್ಮ ಜಿಲ್ಲೆ ಈ ಹವ್ಯಾಸಕ್ಕೆ ಹೇಳಿ ಮಾಡಿಸಿದ್ದು. ಕಾರಣ ಗಡಿ. ಶಕ್ತಿನಗರದ ಚಿಮಣಿಗಳನ್ನು ದಾಟಿ ಕೃಷ್ಣಾ ಸೇತುವೆಗೆ ಬಂದರೆ ಆಚೆ ದಡ ತೆಲಂಗಾಣದ ನಾರಾಯಣಪೇಟ ಜಿಲ್ಲೆ. ತುಂಗಭದ್ರೆ ದಾಟಿದರೆ ಮಂತ್ರಾಲಯ, ಆಂಧ್ರ. ಯಾತ್ರಿಕರು ಹೊಳೆಗೆ ಚಿಲ್ಲರೆ ಎಸೆದು ಕೈಮುಗಿಯುವ ಹೊತ್ತಿಗೆ ನಮ್ಮ ಹವ್ಯಾಸಿ 404–45 ಯಾವಾಗ 404–49 ಆಗುತ್ತದೆ ಎಂದು ಉಸಿರು ಬಿಗಿಹಿಡಿದಿರುತ್ತಾನೆ. ಮೊದಲನೆಯದು ಏರ್‌ಟೆಲ್‌ನ ಕರ್ನಾಟಕದ ಗುರುತು, ಎರಡನೆಯದು ಆಂಧ್ರದ್ದು. ಬಿಎಸ್‌ಎನ್‌ಎಲ್ ಆದರೆ 71 ಹೋಗಿ 73. ಇನ್ನೊಂದು ತಮಾಷೆ ಕೇಳಿ. 2014ರಲ್ಲಿ ಆಂಧ್ರ ಒಡೆದು ಎರಡು ರಾಜ್ಯವಾಯಿತು, ಎರಡು ಸರ್ಕಾರ, ಎರಡು ವಿಧಾನಸಭೆ ಬಂದವು. ದೂರಸಂಪರ್ಕದ ಲೈಸೆನ್ಸಿನಲ್ಲಿ ಮಾತ್ರ ಎರಡೂ ಇನ್ನೂ ಒಂದೇ ಸರ್ಕಲ್. ಕೂಡಿ ಬಾಳಿರಿ ಎಂದು ಹಿರಿಯರು ಹೇಳಿದ್ದನ್ನು ಫೋನ್ ಕೇಳಿತು, ರಾಜಕಾರಣಿಗಳು ಕೇಳಲಿಲ್ಲ. 2017ರ ಸುಮಾರಿಗೆ ರೋಮಿಂಗ್ ಶುಲ್ಕ ಹೋಗುವ ತನಕ ಈ ಗಡಿಯಲ್ಲಿ ಬದುಕುವುದೆಂದರೆ ಭಯ. ಕರ್ನಾಟಕದ ನೆಲದಲ್ಲೇ ನಿಂತಿದ್ದರೂ ಆಚೆ ದಡದ ಟವರು ಫೋನನ್ನು ಸೆಳೆದುಕೊಂಡರೆ, ಒಳಬರುವ ಕರೆಗೂ ದುಡ್ಡು ಹರಿಯುತ್ತಿತ್ತು. ಸಿಗ್ನಲ್ಲಿಗೆ ಹೊಳೆಯೂ ತಿಳಿಯದು, ರಾಜ್ಯ ಪುನರ್ವಿಂಗಡಣೆಯೂ ತಿಳಿಯದು.

ಈ ಎರಡು ಹೊಳೆಗಳ ನಡುವಿನ ದೋಆಬಿಗಾಗಿ 1520ರಲ್ಲಿ ಕೃಷ್ಣದೇವರಾಯನೂ ಇಸ್ಮಾಯಿಲ್ ಆದಿಲ್ ಶಾಹನೂ ಆನೆ ಕುದುರೆ ತಂದು ಕಾದಾಡಿದರು. 2022ರಲ್ಲಿ ಇದೇ ನೆಲದ ಮೇಲಿನ ಗಾಳಿಯನ್ನು, ಒಬ್ಬರೂ ರಾಯಚೂರಿನ ಧೂಳು ಮೆಟ್ಟದೆ, ಕಂಪ್ಯೂಟರಿನ ಮುಂದೆ ಕೂತು ಮೊಬೈಲ್ ಕಂಪನಿಗಳವರು ಏಳು ದಿನ, 40 ಸುತ್ತುಗಳ ಹರಾಜಿನಲ್ಲಿ ಹಂಚಿಕೊಂಡರು. ದೇಶಕ್ಕೆಲ್ಲ ಸೇರಿ 1,50,173 ಕೋಟಿ ರೂಪಾಯಿ, ಇಪ್ಪತ್ತು ವರ್ಷದ ವಾಯಿದೆ. ತರಂಗಗುಚ್ಛ ಮಾರುವಾಗ ಕರ್ನಾಟಕವೆಲ್ಲ ಒಂದೇ ಸರ್ವೆ ನಂಬರು. ಬೆಂಗಳೂರಿನ ಗಾಳಿ ಕೊಂಡವರಿಗೆ ದೇವದುರ್ಗದ ಗಾಳಿ ಕೇಳದೆಯೇ ಸಿಕ್ಕಿತು. ಕೇಳದೆ ಸಿಕ್ಕಿದ್ದಕ್ಕೆ ಎಷ್ಟು ಮರ್ಯಾದೆ ಸಿಗುತ್ತದೆಯೋ ದೇವದುರ್ಗಕ್ಕೂ ಅಷ್ಟೇ ಸಿಗುತ್ತದೆ. ನಿಯಮದಲ್ಲಿ ಹಳ್ಳಿಗಾಡಿಗೆ ಜಾಲ ಒಯ್ಯುವ ಷರತ್ತುಗಳಿವೆ, ಇಲ್ಲವೆಂದಲ್ಲ.

ಗಾಳಿಯಲ್ಲೂ ಮೇಲು ಕೀಳು ಉಂಟು. 3300 ಮೆಗಾಹರ್ಟ್ಸ್‌ನದು ಶ್ರೀಮಂತ ಗಾಳಿ. ವೇಗ ಬಹಳ, ನಡಿಗೆ ಕಡಿಮೆ, ಗೋಡೆ ಅಡ್ಡ ಬಂದರೆ ಮುಖ ತಿರುಗಿಸಿ ಹೋಗುತ್ತದೆ. 700ರದ್ದು ನಮ್ಮ ಹಳ್ಳಿಯ ಮನುಷ್ಯ. ಹೊರುವ ಭಾರ ಕಡಿಮೆಯಾದರೂ ದೂರ ನಡೆಯುತ್ತದೆ, ಕಲ್ಲಿನ ಗೋಡೆಯ ಮಾಳಿಗಿ ಮನೆಯೊಳಗೂ ಬಗ್ಗಿ ಬರುತ್ತದೆ. ಬೆಲೆ ಕೇಳಿ 2016ರಲ್ಲೂ 2021ರಲ್ಲೂ ಈ 700ನ್ನು ಯಾರೂ ಮುಟ್ಟಲಿಲ್ಲ. 2022ರಲ್ಲಿ ಜಿಯೊ 22 ಸರ್ಕಲ್‌ಗಳಿಗೂ ಕೊಂಡಿತು. ಮಾನ್ವಿಯ ಬಸ್ ನಿಲ್ದಾಣದಲ್ಲಿ ಫೋನಿನ ಮೇಲೆ ಈ 700ರ ಗುರುತಾದ "ಎನ್28" ಎಂದು ಮೂಡಿದರೆ ಹವ್ಯಾಸಿಗೆ ಕಣ್ಣಲ್ಲಿ ನೀರು ಬರುವುದು ಇದೇ ಕಾರಣಕ್ಕೆ. ಪಕ್ಕದಲ್ಲಿ ಕೂತ ಅಜ್ಜಿ, "ಯಾರ್ ಹೋದ್ರೋ ತಮ್ಮಾ?" ಎಂದು ಬೆನ್ನು ಸವರುತ್ತಾಳೆ.

ಆದರೆ ಮಾನ್ವಿಯವರಿಗೆ ಈ ವಿದ್ಯೆ ಹೊಸದಲ್ಲ, ಇದನ್ನು ನಾನು ಬೇಕೆಂದೇ ಹೇಳುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತ ವರ್ಷವೆಲ್ಲ ಮಾಡುವುದೇನು? ಗೇಜ್ ನೋಡುವುದು. ಕಾಗದದಲ್ಲಿ ನೀರು ಬಿಟ್ಟಿದ್ದಾರೆ, ಪತ್ರಿಕೆಯಲ್ಲಿ ಬಂದಿದೆ, ಮಂತ್ರಿಗಳು ಬಾಗಿನ ಬಿಟ್ಟಿದ್ದಾರೆ. ಕಾಲುವೆ ಉಂಟು, ತೂಬು ಉಂಟು. ಮೇಲಿನವರು ಪಂಪ್‌ಸೆಟ್ ಹಚ್ಚಿ ಎಳೆದುಕೊಂಡ ಮೇಲೆ ಮಾನ್ವಿ, ಸಿರವಾರ, ರಾಯಚೂರು ತಾಲೂಕಿನ ಕೊನೆಭಾಗಕ್ಕೆ ಬರುವುದು ಎಷ್ಟು? ಅದನ್ನು ಹೇಳುವುದು ಗೇಜ್ ಒಂದೇ. ಟವರಿನದೂ ಇದೇ ಕತೆ. ತುದಿಯಲ್ಲಿ ಹೊಸ 5ಜಿ ಡಬ್ಬಿ ಕೂತಿರುತ್ತದೆ. ಅದರ ಬುಡಕ್ಕೆ ಬರುವ ಫೈಬರ್ ತಂತಿ ಸಾಲದು, ಅಥವಾ ರಸ್ತೆ ಅಗಲ ಮಾಡುವ ಜೆಸಿಬಿ ಅದನ್ನು ಕಿತ್ತಿರುತ್ತದೆ, ಅಥವಾ ಸಂಜೆ ಊರಿಗೆ ಊರೇ ಕ್ರಿಕೆಟ್ ನೋಡಲು ಒಂದೇ ತೂಬಿಗೆ ಬಾಯಿ ಇಟ್ಟಿರುತ್ತದೆ. ಕಡ್ಡಿ ಪೂರ್ತಿ, ಚಕ್ರ ತಿರುಗುತ್ತಲೇ ಇದೆ. ಇನ್ನು "5ಜಿ" ಎಂಬ ಅಕ್ಷರದ ಮಾತು ಬೇಡ. 4ಜಿಯ ಹೆಗಲ ಮೇಲೆ 5ಜಿ ಕೂರಿಸಿದ ಜಾಲಗಳಲ್ಲಿ, 4ಜಿ ಸೆಲ್ಲು "ಇಲ್ಲಿ 5ಜಿ ಸೇರಿಸಲು ಸಾಧ್ಯ" ಎಂದು ಸೂಚಿಸಿದರೆ ಸಾಕು, ಎಷ್ಟೋ ಫೋನುಗಳು ನೆತ್ತಿಯ ಮೇಲೆ 5ಜಿ ಎಂದು ಬರೆದುಕೊಳ್ಳುತ್ತವೆ. ಆ ಕ್ಷಣ ಹರಿಯುತ್ತಿರುವುದು ಪೂರ್ತಿ 4ಜಿ ಇದ್ದೀತು. ಗೇಜ್ ನೋಡುವವನಿಗೆ ಮಾತ್ರ ಗೊತ್ತು.

ಅದಕ್ಕೇ ಇವರನ್ನು ಎಷ್ಟು ಚೇಷ್ಟೆ ಮಾಡಿದರೂ ನನಗೆ ಒಳಗೊಳಗೇ ಮೆಚ್ಚುಗೆ. ಯಾವ ಜಾಲ ಎಲ್ಲಿ ಸಿಗುತ್ತದೆ ಎಂಬ ನಕ್ಷೆಯನ್ನು ಕಂಪನಿಗಳು ಪ್ರಕಟಿಸಲೇಬೇಕು ಎಂದು ದೂರಸಂಪರ್ಕ ನಿಯಂತ್ರಕ ಟ್ರಾಯ್ 2024ರ ನಿಯಮದಲ್ಲಿ ಹೇಳಿತು. ನಕ್ಷೆ ಬಂದರೆ ನಾವು ನಂಬಿ ಕೂರುತ್ತೇವೆ. ಇವರು ಮೋಟರ್ ಸೈಕಲ್ ಹತ್ತಿ, ನಕ್ಷೆಯಲ್ಲಿ ಬಣ್ಣ ಬಳಿದ ಹಳ್ಳಿಗೇ ಹೋಗಿ, ಕೆರೆ ಏರಿಯ ಮೇಲೊಂದು, ಶಾಲೆಯ ಹಿಂದೊಂದು ಅಂಕಿ ತೆಗೆದುಕೊಂಡು ಬರುತ್ತಾರೆ. ಪೆಟ್ರೋಲ್ ಸ್ವಂತದ್ದು, ಬಿಸಿಲು ಸರ್ಕಾರದ್ದು.

ಹಳ್ಳಿಯಲ್ಲಿ ಇವರಿಗೆ ಆಗುವ ಸತ್ಕಾರ ಬೇರೆಯೇ. ಫೋನ್ ಹಿಡಿದು ಟವರಿನ ಸುತ್ತ ತಿರುಗಿದರೆ ಕಂಪನಿಯ ಸಾಹೇಬರು ಎಂದೇ ಲೆಕ್ಕ. ದೇವದುರ್ಗದ ಕಡೆ ಒಬ್ಬ ಯಜಮಾನರು ಚಾ ತರಿಸಿ ಕೂರಿಸಿ ಮೆಲ್ಲಗೆ ಕೇಳಿದರಂತೆ: "ನಮ್ ಹೊಲ್ದಾಗೂ ಒಂದು ಟವರ್ ಹಾಕಿಸ್ರಿ ಸಾಹೇಬ್ರ. ಎಕ್ರಿ ಜಾಗ ಅದ. ಮೆಸೇಜ್ ಬಂದದ, ಲಕ್ಷಗಟ್ಲೆ ಅಡ್ವಾನ್ಸ್ ಕೊಡ್ತಾರಂತ, ಮೊದಲ ಫೀಸ್ ಕಟ್ರಿ ಅಂದಾರ." ಹವ್ಯಾಸಿ ಹೌಹಾರಿ ಅರ್ಧ ತಾಸು ಉಪನ್ಯಾಸ ಕೊಟ್ಟ. ಟ್ರಾಯ್ ಟವರ್ ಹಾಕಲು ಒಪ್ಪಿಗೆ ಪತ್ರ ಕೊಡುವುದೇ ಇಲ್ಲ, ಟವರಿಗೆ ಜಾಗ ಕೊಡುವವನು ಮುಂಗಡ ಕಟ್ಟುವುದೆಂದರೆ ಅದು ಮೋಸವೇ, ಒಂದು ರೂಪಾಯಿ ಕಳಿಸಬೇಡಿ. ಯಜಮಾನರು ಎಲ್ಲ ಕೇಳಿ, "ಹಂಗಾರ ನೀವೇ ಹಾಕಿಸಿ ಬಿಡ್ರಿ" ಅಂದರು. ಇನ್ನೊಂದು ಊರಲ್ಲಿ ಇದರ ತದ್ವಿರುದ್ಧ: "ಈ ಟವರ್ ಬಂದ ಮ್ಯಾಲೆ ಗುಬ್ಬಿ ಹೋದ್ವು, ಕಿತ್ತಕೊಂಡು ಹೋಗ್ರಿ." 2012ರಲ್ಲಿ ಸರ್ಕಾರ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲೊಂದಕ್ಕೆ ಇಳಿಸಿತ್ತು ಎಂದು ಇವನು ವಿವರಿಸಲು ಹೊರಟ. ಅಷ್ಟರಲ್ಲಿ ದೂರು ಹೇಳಿದವರ ಫೋನೇ ರಿಂಗಾಯಿತು, ಅವರು ಟವರಿನ ನೆರಳಿಗೆ ಸರಿದು ನಿಂತು ಮಾತಾಡಿದರು.

ಈಗ ಇವರ ನಡುವೆ ಬಿಎಸ್‌ಎನ್‌ಎಲ್‌ನದ್ದೇ ಸುದ್ದಿ. 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡಾದಲ್ಲಿ ಪ್ರಧಾನಿ ಅದರ ಸ್ವದೇಶಿ 4ಜಿಗೆ ಚಾಲನೆ ಕೊಟ್ಟರು. ಟವರಿನ ಮೇಲಿನ ರೇಡಿಯೊ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ದು, ಮಧ್ಯದ ಮಿದುಳು ಸರ್ಕಾರಿ ಸಂಶೋಧನಾ ಸಂಸ್ಥೆ ಸಿ–ಡಾಟ್‌ದು, ಜೋಡಿಸಿದ್ದು ಟಿಸಿಎಸ್. ಖಾಸಗಿಯವರು 5ಜಿಗೆ ಹೋಗಿ ಮೂರು ವರ್ಷ ಕಳೆದ ಮೇಲೆ 4ಜಿ ಬಂತು ಎಂದು ನಗುವವರು ನಗಲಿ. ಇದೇ ಸಿ–ಡಾಟ್ 1986ರಲ್ಲಿ ತನ್ನ ಮೊದಲ ಗ್ರಾಮೀಣ ಎಕ್ಸ್‌ಚೇಂಜನ್ನು, 128 ಲೈನಿನ ಒಂದು ಪೆಟ್ಟಿಗೆಯನ್ನು, ತಂದು ಇಟ್ಟದ್ದು ನಮ್ಮ ಕಿತ್ತೂರಿನಲ್ಲಿ. ಎಸಿ ಇಲ್ಲದೆ ಹಳ್ಳಿಯ ಧೂಳಿನಲ್ಲಿ ಓಡುವಂತೆ ಮಾಡಿದ ಯಂತ್ರ ಅದು. ನಿವೃತ್ತ ಲೈನ್‌ಮನ್ ಈ ಮಾತು ಬಂದರೆ ಎದೆಯುಬ್ಬಿಸಿ ಕೂರುತ್ತಾನೆ, ಅವನೇ ಕಟ್ಟಿದ್ದೇನೋ ಎಂಬಂತೆ. ಮಾನ್ವಿ ದಾರಿಯ ಬಿಎಸ್‌ಎನ್‌ಎಲ್ ಟವರಿಗೆ ಹೊಸ ರೇಡಿಯೊ ಏರಿದ ದಿನ ಅವನು ಫೋಟೊ ತೆಗೆದು ಎಲ್ಲರಿಗೂ ಕಳಿಸಿದ. ಕಳಿಸಿದ್ದು ಬೇರೆ ಕಂಪನಿಯ ಸಿಮ್ಮಿನಿಂದ ಎಂಬುದನ್ನು ಯಾರೂ ಎತ್ತಬಾರದು.

ಹುಚ್ಚು ಹಳೆಯದೇ. ಇವರ ಅಪ್ಪಂದಿರು ರಾತ್ರಿ ಮಾಳಿಗೆಯ ಮೇಲೆ ಏರಿಯಲ್ ತಂತಿ ಎಳೆದು, ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸಿ ರೇಡಿಯೊ ಸಿಲೋನ್ ಹಿಡಿಯುತ್ತಿದ್ದರು. ಅವರಿಗೆ ಕೊನೆಗೆ ಒಂದು ಹಾಡಾದರೂ ಸಿಗುತ್ತಿತ್ತು. ಇವರಿಗೆ ಸಿಗುವುದು ಅಂಕಿ.

ಅದೂ ದುಬಾರಿ ಅಂಕಿ. ಹೊಸ ಸೆಲ್ ಹುಡುಕಲೆಂದು ಫೋನನ್ನು ಮತ್ತೆ ಮತ್ತೆ ಏರೋಪ್ಲೇನ್ ಮೋಡಿಗೆ ಹಾಕುವುದು, ಒಂದೇ ಬ್ಯಾಂಡಿಗೆ ಬೀಗ ಹಾಕಿ ಉಳಿದದ್ದಕ್ಕೆ ಬಾಗಿಲು ಮುಚ್ಚುವುದು ಇವರ ನಿತ್ಯಕರ್ಮ. ಹೀಗಾಗಿ ರಾಯಚೂರು ಜಿಲ್ಲೆಯಲ್ಲಿ ಫೋನ್ ಹಚ್ಚಿದರೆ ಸಿಗದವರು ಯಾರು ಎಂದರೆ ಇವರೇ. ಮೊನ್ನೆ ಒಬ್ಬರ ಮನೆಯಾಕೆ ಬಾಗಿಲಲ್ಲೇ ಹಿಡಿದರು. "ಊರಾಗಿನ ಟವರೆಲ್ಲಾ ನಿಮ್ಮ ಕಿಸೇದಾಗ ಅದಾವ. ಮುಂಜಾನಿಂದ ಹಚ್ಚಕತ್ತೀನಿ, ನಾಟ್ ರೀಚೆಬಲ್ ಅಂತದ. ಗ್ಯಾಸ್ ತೀರ್ಯದ, ಬೀಗರು ಬಂದು ಕುಂತಾರ!"

ಆತ ಚಪ್ಪಲಿ ಬಿಡುವುದನ್ನೂ ಮರೆತು ಕಿಸೆಯಿಂದ ಪೆನ್ನು ತೆಗೆದ. "ಹೌದೇನು? ಎಷ್ಟು ಗಂಟೆಕ ಹಚ್ಚಿದ್ದಿ? ಅಡಿಗಿಮನ್ಯಾಗ ನಿಂತಿದ್ದ್ಯೋ, ಅಂಗಳದಾಗೋ?"